ಸಾವ್ಕಾರ್ರು ಕದಿರು ತೆಗೆದ ವರ್ಷ

ಕಳೆದ ವಾರ ಅಂಗಡಿಗೆ ಹೊಸ ಬೋರ್ಡು ಮಾಡಿಸೋಣವೆಂದು ಕುಶಾಲನಗರದ ಫ್ಲೆಕ್ಸ್ ಪ್ರಿಂಟಿಂಗಿನವನ ಹತ್ತಿರ ಹೋಗಿದ್ದೆ. ನಾನು ಈಗ ಇಲ್ಲಿ ಗೊಬ್ಬರ, ಔಷಧಿ, ಸ್ಪ್ರೇಯರ್ ಮಾರುವ ಅಂಗಡಿಯೊಂದನ್ನು ನೋಡಿಕೊಳ್ಳುತ್ತೇನೆ. ಒಳಗೆ ಕಾಲಿಟ್ಟ ಕೂಡಲೇ ವಾಸನೆ ಮೂಗಿಗೆ ಹೊಡೆಯಿತು. ಹೊಸ ಫ್ಲೆಕ್ಸಿನ ವಾಸನೆ ಗೊತ್ತಲ್ಲ, ಸೀಮೆಎಣ್ಣೆಯೂ ಅಲ್ಲ, ಬಣ್ಣವೂ ಅಲ್ಲ, ಗಂಟಲಲ್ಲಿ ಬಂದು ಕೂತುಬಿಡುತ್ತದೆ. ಮಿಷನ್ನು ಕಿರ್ರೆನ್ನುತ್ತ ಯಾರದೋ ಮುಖವನ್ನು ಇಷ್ಟಿಷ್ಟೇ ಹೊರಗೆ ತಳ್ಳುತ್ತಿತ್ತು. ಮೊದಲು ರುಮಾಲು, ಆಮೇಲೆ ಹಣೆಯ ಕುಂಕುಮ, ಆಮೇಲೆ ಹುಬ್ಬು. ಮೂಗು ಬರುವಷ್ಟರಲ್ಲಿ ಗುರುತು ಸಿಕ್ಕಿತು. ಬೆಳ್ಯಪ್ಪ ಸಾವ್ಕಾರ್ರು! ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲು: ‘ನಮ್ಮ ಮಣ್ಣು, ನಮ್ಮ ಪದ್ಧತಿ, ನಮ್ಮ ಹೆಮ್ಮೆ.’

ಆ ಸಾಲು ಬರೆದವನು ನಾನೇ. ಇನ್ನೂ ಅದನ್ನೇ ಹೊಡೆಸುತ್ತಿದ್ದಾರೆ ಪುಣ್ಯಾತ್ಮರು. ‘ಸಾರ್, ನಿಮ್ಮ ಬೋರ್ಡಿಗೆ ಏನ್ ಬರೀಬೇಕು?’ ಎಂದು ಅಂಗಡಿಯವನು ಕೇಳಿದ. ‘ನಾಳೆ ಬರ್ತೀನಪ್ಪ’ ಎಂದು ಹೊರಗೆ ಬಂದುಬಿಟ್ಟೆ. ಬಸ್ ಸ್ಟ್ಯಾಂಡಿನ ತನಕ ನಡೆದೆ, ಅಲ್ಲಿಂದ ಸುಮ್ಮಸುಮ್ಮನೆ ವಾಪಸ್ ನಡೆದೆ. ಆ ವರ್ಷ ನೆನಪಾದರೆ ನನಗೆ ಹೀಗೇ ಆಗುತ್ತದೆ, ಕೂತಲ್ಲಿ ಕೂರಲಾಗುವುದಿಲ್ಲ.

ಬೆಳ್ಯಪ್ಪನವರು ಕೆಟ್ಟವರು ಎಂದು ಹೇಳಿ ಕೈ ತೊಳೆದುಕೊಂಡರೆ ನನಗೆ ಸುಲಭ. ಆದರೆ ಹಾಗನ್ನಲು ಬಾಯಿ ಬರುವುದಿಲ್ಲ. ಹಳೇ ಸ್ಕೂಟರಿನ ಹಿಂದೆ ತಕ್ಕಡಿ ಕಟ್ಟಿಕೊಂಡು ಮನೆಮನೆ ತಿರುಗಿ ಕರಿಮೆಣಸು ಕೊಂಡವರು ಅವರು. ನಾಲ್ಕು ಕಾಳು ಅಂಗೈಯಲ್ಲಿ ತಿಕ್ಕಿ, ಒಂದನ್ನು ಕಚ್ಚಿ ನೋಡಿ, ‘ಇನ್ನೆರಡು ಬಿಸಿಲು ಬೇಕು’ ಎಂದರೆ ಬೇಕು, ಅದರ ಮೇಲೆ ಮಾತಿಲ್ಲ. ಮೆಣಸಿನಿಂದ ಕಾಫಿ, ಕಾಫಿಯಿಂದ ಲಾರಿ, ಲಾರಿಯಿಂದ ಕುಶಾಲನಗರದಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್, ಆಮೇಲೆ ಪೆಟ್ರೋಲ್ ಬಂಕು, ಒಂದು ಶಾಲೆ, ಕೊನೆಗೆ ಗಾಳಿಬೀಡಿನ ಕಡೆ ನಮ್ಮೂರ ಬಯಲಿನಲ್ಲಿ ಒಂದು ರೆಸಾರ್ಟು. ನಮ್ಮಮ್ಮನಿಗೆ ಉಸಿರು ಕಟ್ಟಿದ ಮಳೆಗಾಲದಲ್ಲಿ ಅರ್ಧ ರಸ್ತೆ ಕುಸಿದಿತ್ತು, ಡ್ರೈವರುಗಳು ಯಾರೂ ಒಪ್ಪಲಿಲ್ಲ. ತಾವೇ ಜೀಪು ಓಡಿಸಿಕೊಂಡು ಮೈಸೂರಿಗೆ ಕರೆದುಕೊಂಡು ಹೋದವರು ಅವರು. ಅಮ್ಮ ಇನ್ನೂ ನಾಲ್ಕು ವರ್ಷ ಬದುಕಿದಳು. ಇದನ್ನು ನಾನು ಮರೆತರೆ ಮನುಷ್ಯನೇ ಅಲ್ಲ.

ಅವರು ಬೆಳಿಗ್ಗೆ ಐದಕ್ಕೆ ಸ್ನಾನ ಮಾಡಿ ದೀಪ ಹಚ್ಚುವವರು. ಕುಡಿಯುವುದಿಲ್ಲ, ಕೊಡಗಿನಲ್ಲಿ ಅದೇ ಒಂದು ಸುದ್ದಿ. ಅವರ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಎರಡು ಜಡೆ ಕಡ್ಡಾಯ. ಹಿರಿಯರು ಹಾಕಿದ ಗೆರೆ ದಾಟಿದ್ದಕ್ಕೇ ನಾಡು ಕೆಟ್ಟಿತು ಎಂದು ಅವರು ನಂಬಿದ್ದರು, ಬೂಟಾಟಿಕೆಯಲ್ಲ, ನಿಜವಾಗಿ ನಂಬಿದ್ದರು. ಕೂಲಿ ಕಾನೂನು ಎಂದರೆ ಉರಿದು ಬೀಳುತ್ತಿದ್ದರು. ‘ನನ್ನ ಲೈನಿನವರಿಗೆ ಏನ್ ಬೇಕು ಅಂತ ನನಗೆ ಗೊತ್ತು. ಮಡಿಕೇರಿ ಆಫೀಸಲ್ಲಿ ಕೂತವನಿಗೆ ಏನ್ ಗೊತ್ತು?’ ಎನ್ನುವರು. ತೋಟದ ಕೂಲಿಯವರಿದ್ದ ಲೈನುಮನೆಗಳ ಪ್ರತಿ ಮಗುವಿನ ಹೆಸರೂ ಅವರಿಗೆ ಬಾಯಿಪಾಠ, ಅದೂ ನಿಜ. ಲೈನುಮನೆಯ ಸೂರು ಸೋರುತ್ತಿತ್ತು, ಅದೂ ನಿಜ.

ಚುನಾವಣೆಗೆ ಅವರು ಒಮ್ಮೆಯೂ ನಿಂತವರಲ್ಲ. ಯಾರು ನಿಲ್ಲಬೇಕು ಎನ್ನುವುದು ಅವರ ಮನೆ ಜಗಲಿಯಲ್ಲಿ, ಕಾಫಿ ಕುಡಿಯುತ್ತ ತೀರ್ಮಾನವಾಗುತ್ತಿತ್ತು. ಟಿಕೆಟ್ ಬೇಕಾದವರು ಚಪ್ಪಲಿ ಹೊರಗೆ ಬಿಟ್ಟು, ಪಂಚೆ ಸರಿ ಮಾಡಿಕೊಂಡು ಒಳಗೆ ಬರುವರು. ಜೀನ್ಸ್ ಹಾಕಿಕೊಂಡು ಬಂದ ಒಬ್ಬನಿಗೆ ಕೊನೆಯ ತನಕ ಕುರ್ಚಿ ತೋರಿಸಲಿಲ್ಲ.

ನಾನು ಅವರ ಕಾಫಿ ಎಸ್ಟೇಟಿನಲ್ಲಿ ಹನ್ನೊಂದು ವರ್ಷ ರೈಟರ್ ಆಗಿದ್ದವನು. ಹಾಜರಿ ಹಿಡಿಯುವುದು, ಪಿಕ್ಕಿಂಗಿಗೆ ಜನ ಹೊಂದಿಸುವುದು, ಅಷ್ಟೇ. ಹಳೇ ಮೇಸ್ತ್ರಿಯ ಬೀಳ್ಕೊಡುಗೆಯಲ್ಲಿ ನಾನು ಬರೆದು ಓದಿದ ನಾಲ್ಕು ಮಾತು ಸಾವ್ಕಾರ್ರಿಗೆ ಹಿಡಿಸಿತು. ‘ರೈಟ್ರೇ, ನಾಳೆಯಿಂದ ನನ್ನ ಜೊತೆ ಬನ್ನಿ’ ಎಂದರು. ಅವತ್ತಿನಿಂದ ಅವರ ಭಾಷಣಗಳೆಲ್ಲ ನನ್ನವು. ಮುಂದಿನ ಬೇಸಿಗೆಗೆ ಚುನಾವಣೆ ಇತ್ತು. ನನ್ನ ಕೈಗೆ ಎರಡು ಫೋನು ಬಂದವು, ಕಾರಿನ ಮುಂದಿನ ಸೀಟು ಬಂತು. ಗುಡ್ಡ ಹತ್ತುವಾಗ ಒಂದು ಫೋನಿಗೆ ಸಿಗ್ನಲ್ ಹೋದರೆ ಇನ್ನೊಂದು ಕಿರುಚುತ್ತಿತ್ತು. ಆ ಮಳೆಗಾಲದಲ್ಲಿ ನಾನು ಒಂದು ಊಟವನ್ನೂ ಪೂರ್ತಿ ಕೂತು ಉಂಡದ್ದು ನೆನಪಿಲ್ಲ. ಹೆಂಡತಿ ಪುಷ್ಪ, ‘ಊಟಕ್ಕೆ ಬಂದದ್ದಾ, ಬೆಂಕಿ ತಗೊಂಡು ಹೋಗ್ಲಿಕ್ಕೆ ಬಂದದ್ದಾ?’ ಎಂದು ಚುಚ್ಚುತ್ತಿದ್ದಳು.

ಇನ್ನು ಅಕ್ಕನ ವಿಷಯಕ್ಕೆ ಬರಬೇಕು, ಬರದೆ ವಿಧಿಯಿಲ್ಲ. ನನ್ನ ಅಕ್ಕ ದಮಯಂತಿ. ಗಂಡ ತೀರಿಕೊಂಡ ಮೇಲೆ ಅಪ್ಪನ ಮನೆಗೆ ಬಂದು, ಅಪ್ಪನ ಗದ್ದೆಯನ್ನು ಕೈಗೆತ್ತಿಕೊಂಡವಳು. ಗದ್ದೆಯಲ್ಲಿ ನನ್ನ ಪಾಲೂ ಇತ್ತು. ಸಾವ್ಕಾರ್ರು ಬಯಲಿನ ಗದ್ದೆಗಳನ್ನೆಲ್ಲ ಒಂದೊಂದಾಗಿ ಕೊಳ್ಳುತ್ತ ಬಂದಾಗ ನಾನೂ ನನ್ನ ಪಾಲನ್ನು ಕೊಟ್ಟೆ. ಮಡಿಕೇರಿಯಲ್ಲಿ ಮನೆ ಬೇಕಿತ್ತು, ಕೊಟ್ಟೆ. ನಮ್ಮ ಗದ್ದೆಗಳಿದ್ದ ಜಾಗದಲ್ಲಿ ಕೆರೆ ಎದ್ದಿತು, ಅದರಲ್ಲಿ ಹಂಸದ ಮೂತಿಯ ದೋಣಿಗಳು ಬಂದವು, ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗ ಬಂತು. ಉಳಿದದ್ದು ಅಕ್ಕನ ಮೂರು ಮಡಿ ಗದ್ದೆ, ಎಲ್ಲ ಸೇರಿ ಮೂವತ್ತು ಸೆಂಟು. ಅಷ್ಟು ದೊಡ್ಡ ಬಯಲಿನಲ್ಲಿ ಭತ್ತ ಬೆಳೆಯುವವಳು ಅವಳೊಬ್ಬಳೇ.

ಅವಳು ಹಾಕುತ್ತಿದ್ದದ್ದು ಅಪ್ಪನ ಕಾಲದ ಕೆಂಪು ಭತ್ತ. ಅದಕ್ಕೆ ಪುಸ್ತಕದ ಹೆಸರೇನೋ ನನಗೆ ಗೊತ್ತಿಲ್ಲ, ನಮ್ಮ ಮನೆಯಲ್ಲಿ ‘ಕೆಂಪ’ ಎಂದೇ ಕರೆಯುವುದು. ಬೇರೆ ಯಾರ ಹತ್ತಿರವೂ ಆ ಬೀಜ ಉಳಿದಿರಲಿಲ್ಲ. ಕೊಯ್ಲಿನಲ್ಲಿ ಮೂಲೆಯ ಮಡಿಯ ಒಳ್ಳೆ ತೆನೆ ಆರಿಸಿ, ಒಣಗಿಸಿ, ಮುಂದಿನ ವರ್ಷದ ಬಿತ್ತನೆಗೆ ಇಡುತ್ತಿದ್ದಳು. ಅಪ್ಪ ಸಾಯುವ ಮುಂಚೆ ಅವಳಿಗೆ ಹೇಳಿದ್ದು ಅದೊಂದೇ, ಬೀಜ ಬಿಡಬೇಡ ಅಂತ. ನನಗೆ ಏನೂ ಹೇಳಲಿಲ್ಲ. ನನ್ನ ಯೋಗ್ಯತೆ ಅವನಿಗೆ ಆಗಲೇ ಗೊತ್ತಿತ್ತೋ ಏನೋ.

ಆ ವರ್ಷ ಜುಲೈ ತಿಂಗಳ ಮಳೆ ಹೇಳತೀರದು. ಗಾಳಿಗೆ ಕೊಡೆ ನಿಲ್ಲುತ್ತಿರಲಿಲ್ಲ. ಅಕ್ಕ ಇಬ್ಬರು ಹೆಂಗಸರನ್ನು ಕರೆದುಕೊಂಡು, ಪ್ಲಾಸ್ಟಿಕ್ ಹೊದ್ದು, ಮೊಣಕಾಲುದ್ದ ಕೆಸರಿನಲ್ಲಿ ನಾಟಿ ಮುಗಿಸಿದಳು. ನಾನು ಅದೇ ದಾರಿಯಲ್ಲಿ ಕಾರಿನಲ್ಲಿ ಹೋದೆ, ಗಾಜು ಇಳಿಸಿ ಕೈ ಬೀಸಿದೆ. ಮಡಿಲಲ್ಲಿದ್ದ ಕಾಗದದಲ್ಲಿ ಅವತ್ತಿನ ಭಾಷಣವಿತ್ತು, ವಿಷಯ ‘ಗದ್ದೆ ಉಳಿಸೋಣ’. ದೇವರಾಣೆ ಸುಳ್ಳಲ್ಲ.

ಅಕ್ಟೋಬರ್ ಹೊತ್ತಿಗೆ ಮಳೆ ಪೂರಾ ಕೈಕೊಟ್ಟಿತು. ಭತ್ತ ಹೊಡೆ ಬಿಚ್ಚಿ ತೆನೆ ಹೊರಗೆ ಬರುವ ಹೊತ್ತು, ಕಾಲಡಿಯಲ್ಲಿ ನೀರಿಲ್ಲದಿದ್ದರೆ ಕಾಳು ಕಟ್ಟುವುದಿಲ್ಲ. ಗುಡ್ಡದಿಂದ ಇಳಿಯುವ ತೋಡಿನ ನೀರು ಮೊದಲು ಗದ್ದೆಗೆ ಬರುತ್ತಿತ್ತು, ಈಗ ರೆಸಾರ್ಟಿನ ಕೆರೆಗೆ ಹೋಗುತ್ತಿತ್ತು. ಅಕ್ಕ ನನಗೆ ಫೋನ್ ಮಾಡಿದಳು. ‘ತಮ್ಮ, ಹತ್ತು ದಿನ ನೀರು ಬಿಡ್ಲಿಕ್ಕೆ ಹೇಳು ಸಾವ್ಕಾರ್ರಿಗೆ. ಹತ್ತೇ ದಿನ.’ ನಾನು ಹೇಳಿದೆ. ಸಾವ್ಕಾರ್ರು, ‘ಆಗಲಿ, ಬಿಡಿಸೋಣ’ ಎಂದರು. ಆದರೆ ದಸರಾಕ್ಕೆ ಟೂರಿಸ್ಟುಗಳು ತುಂಬಿದ್ದರು, ದೋಣಿ ತೇಲಲು ಕೆರೆ ತುಂಬಿರಬೇಕಿತ್ತು. ಅಕ್ಕ ಮತ್ತೆ ಫೋನ್ ಮಾಡಿದಳು. ನಾನು ‘ಮೀಟಿಂಗಲ್ಲಿದ್ದೇನೆ’ ಎಂದೆ. ಮೂರನೇ ಸಲ ಫೋನ್ ಎತ್ತಲಿಲ್ಲ. ಅವಳು ಯಾರದೋ ಪಂಪು ಬೇಡಿ ತಂದು, ಮನೆಯ ಬಾವಿಯಿಂದ ಪೈಪ್ ಎಳೆದು, ರಾತ್ರಿ ಹಗಲು ಕಾದು, ಅರ್ಧ ಗದ್ದೆಯಲ್ಲಿ ಕಾಳು ಕಟ್ಟಿಸಿದಳು. ಇನ್ನರ್ಧ ಜೊಳ್ಳಾಯಿತು.

ಹುತ್ತರಿ ಹತ್ತಿರ ಬಂತು. ಹೊಸ ಅಕ್ಕಿಯ ಹಬ್ಬ. ಹೇಳಿದ ಮುಹೂರ್ತಕ್ಕೆ ಗದ್ದೆಗೆ ಹೋಗಿ, ಕೋವಿ ಹಾರಿಸಿ, ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತ ಮೊದಲ ಕದಿರು ಕೊಯ್ದು ಮನೆಗೆ ತಂದು ಬಾಗಿಲಿಗೆ ಕಟ್ಟಬೇಕು. ಪೊಲಿ ಎಂದರೆ ಹೆಚ್ಚಲಿ, ತುಂಬಲಿ ಎಂದು. ಗದ್ದೆ ಇಲ್ಲದವರು ಇದ್ದವರ ಹತ್ತಿರ ಬಂದು ಒಂದು ಹಿಡಿ ಕದಿರು ಕೇಳುತ್ತಾರೆ. ಕೇಳಿದವರಿಗೆ ಅವತ್ತು ಇಲ್ಲ ಎನ್ನುವಂತಿಲ್ಲ.

ಬೆಂಗಳೂರಿನ ದೊಡ್ಡ ಮುಖಂಡರೊಬ್ಬರು ಆ ಸಲ ಹುತ್ತರಿಗೆ ಬರುತ್ತೇನೆ ಎಂದಿದ್ದರು. ಟಿಕೆಟ್ ಯಾರಿಗೆ ಎನ್ನುವುದು ಅವರ ಕೈಯಲ್ಲಿತ್ತು, ಅವರ ಮನಸ್ಸು ಸಾವ್ಕಾರ್ರ ಕೈಯಲ್ಲಿರಬೇಕಿತ್ತು. ‘ಬೆಳ್ಯಪ್ಪನವರು ತಮ್ಮ ಗದ್ದೆಯಲ್ಲಿ ಸಂಪ್ರದಾಯದಂತೆ ಕದಿರು ತೆಗೆಯಲಿದ್ದಾರೆ’ ಎಂದು ಪತ್ರಿಕೆಗೆ ನಾನೇ ಬರೆದು ಕಳಿಸಿದ್ದೆ. ಬರೆಯುವಾಗ ಹೊಳೆಯಲೇ ಇಲ್ಲ. ಅದು ಅಚ್ಚಾಗಿ ಬಂದ ದಿನ ಜಗಲಿಯಲ್ಲಿ ಎಂಟು ಜನ ಕೂತಿದ್ದೆವು. ಡ್ರೈವರ್ ಮಣಿ ಕಾರು ಒರೆಸುತ್ತಿದ್ದವನು ಅಲ್ಲಿಂದಲೇ, ‘ಅಯ್ಯಾ, ನಮಗೆ ಗದ್ದೆ ಎಲ್ಲಿದೆ?’ ಎಂದ.

ಯಾರೂ ನಗಲಿಲ್ಲ. ಸಾವ್ಕಾರ್ರಿಗೆ ಗದ್ದೆ ಇರಲಿಲ್ಲ! ಅವರಿಗಷ್ಟೇ ಏನು, ಆ ಎಂಟು ಜನರಲ್ಲಿ ಒಬ್ಬನಿಗೂ ಇರಲಿಲ್ಲ. ಒಬ್ಬ ಗದ್ದೆಗೆ ಕಾಫಿ ಹಾಕಿದ್ದ, ಒಬ್ಬ ಶುಂಠಿಗೆ ಕೊಟ್ಟಿದ್ದ, ಒಬ್ಬ ಹೋಂಸ್ಟೇ ಕಟ್ಟಿಸಿದ್ದ. ಕುಶಾಲನಗರದ ಕಡೆಯಿಂದ ಬೆಳೆದ ಪೈರನ್ನು ಬುಡಸಮೇತ ಕಿತ್ತು ಲಾರಿಯಲ್ಲಿ ತಂದು ನೆಡೋಣ ಎಂದು ಒಬ್ಬ ಬುದ್ಧಿವಂತ ಹೇಳಿದ. ಸಾವ್ಕಾರ್ರು ಅವನನ್ನು ಒಮ್ಮೆ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. ‘ರೈಟ್ರೇ, ನಿಮ್ಮ ಅಕ್ಕನ ಗದ್ದೆ ಉಂಟಲ್ಲ. ಒಂದು ಸಂಜೆ ಮಟ್ಟಿಗೆ. ಕೇಳಿ ನೋಡಿ.’

ನಾನು ಅಕ್ಕನ ಮನೆಗೆ ಹೋದೆ. ಎಷ್ಟೋ ವಾರಗಳ ಮೇಲೆ ಹೋದದ್ದು. ಅವಳು ಅಂಗಳದಲ್ಲಿ ಹುತ್ತರಿ ಗೆಣಸಿನ ಮಣ್ಣು ತೊಳೆಯುತ್ತಿದ್ದಳು.

‘ನೀರು ಕೇಳಿದಾಗ ಗದ್ದೆ ನನ್ನದು, ಈಗ ಸಾವ್ಕಾರ್ರದ್ದಾ?’ ಎಂದಳು.

‘ಅಕ್ಕ, ಒಂದು ಕದಿರು ಕೊಯ್ದು ಫೋಟೊ ತೆಗೆಸಿಕೊಂಡು ಹೋಗ್ತಾರೆ, ಅಷ್ಟೇ.’

‘ಕದಿರು ನಾನೇ ತೆಗೆಯುದು. ಅಪ್ಪ ಹೋದ ಮೇಲೆ ಪ್ರತಿ ವರ್ಷ ನಾನೇ ತೆಗೆದದ್ದು.’

ನಾನು ಕೆಮ್ಮಿದೆ. ಅದನ್ನೂ ಸಾವ್ಕಾರ್ರು ಮೊದಲೇ ಹೇಳಿ ಕಳಿಸಿದ್ದರು. ‘ಕತ್ತಿ ಗಂಡಸರ ಕೈಲಿರಬೇಕಂತೆ ಅಕ್ಕ. ಹೆಂಗಸರು ದೀಪ ಹಿಡಿಯುದು. ಹಿರಿಯರ ಪದ್ಧತಿ.’

‘ನಾಟಿ ಮಾಡುವಾಗ ಈ ಪದ್ಧತಿ ಎಲ್ಲಿಗೆ ಹೋಗಿತ್ತು ಮಾರಾಯ?’

ಅಮ್ಮನನ್ನು ಮೈಸೂರಿಗೆ ಕರೆದುಕೊಂಡು ಹೋದ ಜೀಪಿನ ಮಾತೆತ್ತಿದೆ. ಆಡಬಾರದ ಮಾತು ಅದು, ಆಡಿದೆ. ಅಕ್ಕ ಬಹಳ ಹೊತ್ತು ಗೆಣಸು ಉಜ್ಜುತ್ತಲೇ ಇದ್ದಳು. ‘ಅಮ್ಮನ ಹೆಸರು ಹೇಳಿದ ಮೇಲೆ ನನಗೆ ಮಾತಿಲ್ಲೆ. ಬರಲಿ. ಹಬ್ಬಕ್ಕೆ ಬರುವವರಿಗೆ ಬೇಡ ಅನ್ಲಿಕ್ಕೆ ಆಗುದಿಲ್ಲೆ. ಮೂಲೆ ಮಡಿಗೆ ಮಾತ್ರ ಕಾಲಿಡುದು ಬೇಡ. ಬೀಜ ಉಂಟು ಅಲ್ಲಿ.’

‘ನಾನು ನೋಡಿಕೊಳ್ತೇನೆ’ ಎಂದೆ. ಅದೇ ಮಾತು ಕೊಟ್ಟೆ.

ಗದ್ದೆ ಅರ್ಧ ಜೊಳ್ಳಾಗಿ ಬಣ್ಣ ಹೋಗಿದೆ, ಕ್ಯಾಮರಾದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ರೆಸಾರ್ಟಿನ ಮ್ಯಾನೇಜರ್ ಹೇಳಿದ. ಸಾವ್ಕಾರ್ರು ತಟ್ಟನೆ, ‘ತೋಡಿನ ನೀರು ಬಿಡಿಸಿ. ರೈಟ್ರ ಅಕ್ಕ ಆಗಲೇ ಕೇಳಿದ್ದರು ಪಾಪ’ ಎಂದರು. ಅವರಿಗೆ ನೆನಪಿತ್ತು! ನನಗೆ ಕಣ್ಣಲ್ಲಿ ನೀರೇ ಬಂತು. ಆ ಖುಷಿಯಲ್ಲಿ ನಾನೇ ಫೋನ್ ಮಾಡಿ ಕೆರೆಯ ತೂಬು ತೆಗೆಸಿದೆ. ಗದ್ದೆಯಲ್ಲಿ ಹುಟ್ಟಿ ಬೆಳೆದ ನನಗೆ, ಕೊಯ್ಲಿಗೆ ಬಂದ ಗದ್ದೆಯಿಂದ ನೀರು ಹೊರಗೆ ಬಿಡಬೇಕು, ಒಳಗೆ ಬಿಡಬಾರದು ಎನ್ನುವುದು ಮರೆತೇಹೋಗಿತ್ತು. ಅಕ್ಕ ಬೆಳಿಗ್ಗೆ ಎದ್ದು ನೋಡಿದರೆ ಮೂರೂ ಮಡಿಯಲ್ಲಿ ಪಾದ ಮುಳುಗುವಷ್ಟು ನೀರು. ಬದು ಕಡಿದು ನೀರು ಹೊರಗೆ ಹರಿಸಲು ಒಬ್ಬಳೇ ಗುದ್ದಲಿ ಹಿಡಿದಳಂತೆ. ಸಾಕಾಗಲಿಲ್ಲ. ಅವತ್ತೇ ಹುತ್ತರಿ.

ಸಂಜೆ ಹೊತ್ತಿಗೆ ಕಾರುಗಳು ಬರತೊಡಗಿದವು. ನೂರು ಜನ ಎಂದುಕೊಂಡಿದ್ದೆವು, ಮುನ್ನೂರು ದಾಟಿತು. ಬಿಳಿ ಪಂಚೆ, ಗಂಡಸರು ತೊಡುವ ಕೊಡಗಿನ ಕುಪ್ಪಸ, ರೇಷ್ಮೆ ಸೀರೆ, ಕಾಲಿಗೆ ಹೊಸ ಬೂಟು. ಚಂದ್ರ ಗುಡ್ಡದ ಮೇಲೆ ಬಂದಿದ್ದ, ಚಳಿಗಾಳಿ ಬೀಸುತ್ತಿತ್ತು. ಅಕ್ಕ ಬದುವಿನ ಮೇಲೆ ದೀಪ ಹಿಡಿದು ನಿಂತಿದ್ದಳು, ಅಪ್ಪನ ಮನೆಯ ಹಳೇ ಕಂಚಿನ ದೀಪ. ಮುಹೂರ್ತ ಆಯಿತು. ಕೋವಿ ಢಂ ಎಂದಿತು. ಮುಖಂಡರೂ ಸಾವ್ಕಾರ್ರೂ ಕೂಡಿ ಒಂದು ಹಿಡಿ ಕೊಯ್ದರು. ‘ಪೊಲಿ ಪೊಲಿ ದೇವಾ!’ ಎಂದು ಬಯಲು ಕೂಗಿತು. ನನಗೂ ಮೈ ನವಿರೆದ್ದಿತು, ಯಾಕೆ ಸುಳ್ಳು ಹೇಳಲಿ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಲ್ಲಿದ್ದವರಲ್ಲಿ ಒಬ್ಬರಿಗೂ ಗದ್ದೆ ಇರಲಿಲ್ಲವಲ್ಲ! ಎಲ್ಲರ ಮನೆಗೂ ಕದಿರು ಬೇಕಿತ್ತು. ಮೊದಲು ಒಬ್ಬರು ಗದ್ದೆಗಿಳಿದು, ಅಕ್ಕನ ಕಡೆ ತಿರುಗಿ ಮರ್ಯಾದೆಯಿಂದಲೇ, ‘ಒಂದು ಹಿಡಿ ತಗೊಳ್ತೇನೆ ತಾಯಿ’ ಎಂದರು. ಅವಳು ತಲೆಯಾಡಿಸಿದಳು. ಅವರ ಹಿಂದೆ ಹತ್ತು ಜನ ಇಳಿದರು. ಮನೆಗೊಂದು ಹಿಡಿ, ಕಾರಿಗೊಂದು, ಅಂಗಡಿಗೊಂದು, ಮೈಸೂರಿನಲ್ಲಿರುವ ಬೀಗರಿಗೊಂದು. ಕತ್ತಿ ಇಲ್ಲದವರು ಕೈಯಲ್ಲೇ ಕಿತ್ತರು, ಕೆಸರಿನಲ್ಲಿ ಬುಡವೂ ಜೊತೆಗೆ ಎದ್ದು ಬಂತು. ಬೂಟು ಹೂತವರು ಕಾಲಡಿಗೆ ಭತ್ತವನ್ನೇ ತುಳಿದು ಹಾಸಿಕೊಂಡು ನಡೆದರು. ಒಬ್ಬರೂ ಕದಿಯಲು ಬಂದವರಲ್ಲ. ಎಲ್ಲರ ಬಾಯಲ್ಲೂ ಪೊಲಿ ಪೊಲಿ. ಎಲ್ಲರೂ ಅಕ್ಕನಿಗೆ ಕೈಮುಗಿದೇ ಹೋದರು, ‘ನಿಮ್ಮ ಮನೆ ತುಂಬಲಿ’ ಎಂದರು.

ನಾನು ಮೂಲೆ ಮಡಿಯ ಹತ್ತಿರ ಓಡಿದೆ. ಎರಡೂ ಕೈ ಅಗಲಿಸಿ, ‘ಇಲ್ಲಿ ಬೇಡಿ, ಇದು ಬೀಜದ್ದು’ ಎಂದೆ. ಅಷ್ಟರಲ್ಲಿ ಜೇಬಿನ ಫೋನ್ ಕಿರುಚಿತು. ಸಾವ್ಕಾರ್ರು. ‘ರೈಟ್ರೇ, ಎಲ್ಲಿದ್ದೀರಿ? ಮುಖಂಡರ ಭಾಷಣದ ಕಾಗದ ತನ್ನಿ ಬೇಗ.’ ಹೋದೆ. ಕಾಗದ ಕೊಟ್ಟು, ಮೈಕು ಸರಿ ಮಾಡಿಸಿ, ವಾಪಸ್ ಬರುವಷ್ಟರಲ್ಲಿ ಮೂಲೆ ಮಡಿಯಲ್ಲಿ ಮೂವತ್ತು ಜನ ಇದ್ದರು. ಒಳ್ಳೆ ತೆನೆ ಎಲ್ಲಿದೆಯೋ ಅಲ್ಲಿಗೇ ಜನ ಹೋಗುತ್ತಾರೆ, ಅದಕ್ಕೆ ಯಾರೂ ದಾರಿ ತೋರಿಸಬೇಕಾಗಿಲ್ಲ. ಅಕ್ಕನ ಕೈಯ ದೀಪ ಗಾಳಿಗೆ ಆರಿಹೋಗಿತ್ತು. ಅವಳು ಅಲ್ಲೇ ನಿಂತಿದ್ದಳು, ಒಬ್ಬರಿಗೂ ಇಲ್ಲ ಎನ್ನಲಿಲ್ಲ. ನನ್ನನ್ನು ಬರೀ ನೋಡಿದಳು. ಅಯ್ಯೋ, ಎರಡು ಬಾರಿಸಿದ್ದರೆ ಚೆನ್ನಾಗಿತ್ತು.

ಮರುದಿನ ಅಕಾಲದ ಮಳೆ ಬೇರೆ ಹೊಡೆಯಿತು. ಕೆಸರಿನಲ್ಲಿ ಬಿದ್ದ ತೆನೆ ಅಲ್ಲೇ ಮೊಳೆತು ಕೊಳೆಯಿತು. ಸಾವ್ಕಾರ್ರು ನಾಲ್ಕು ಮೂಟೆ ಬಿಳಿ ಅಕ್ಕಿ ಕಳಿಸಿದರು. ಅಕ್ಕ ಅದನ್ನು ಲೈನುಮನೆಯವರಿಗೆ ಹಂಚಿಬಿಟ್ಟಳು. ‘ಉಣ್ಲಿಕ್ಕೆ ರೇಷನ್ ಅಕ್ಕಿ ಉಂಟು ನನಗೆ. ಬಿತ್ತಲಿಕ್ಕೆ ಎಂಥದು?’ ಎಂದು ನನ್ನನ್ನು ಕೇಳಿದಳು. ಆಗ ನನಗೆ ಬುದ್ಧಿ ಓಡಿತು. ಬೀಜ ಎಲ್ಲೂ ಹೋಗಿಲ್ಲ, ಮುನ್ನೂರು ಮನೆಗಳ ಬಾಗಿಲಿನಲ್ಲಿ ನೇತಾಡುತ್ತಿದೆ!

ನಾನು ಕೇಳಲು ಹೊರಟೆ. ಕಟ್ಟಿದ ಕದಿರನ್ನು ಬಿಚ್ಚಿ ಕೊಡಿ ಎಂದು ಕೊಡಗಿನಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಮಣಿ, ‘ಸಾರ್, ಒದೆ ತಿಂತೀರಿ’ ಎಂದ, ಆದರೂ ಕಾರು ತಂದ. ಮೊದಲನೇ ಮನೆಯಲ್ಲೇ ಯಜಮಾನರು, ‘ಒಳಗೆ ಬಂದ ಲಕ್ಷ್ಮೀನ ಹೊರಗೆ ಕಳಿಸು ಅಂತೀರಲ್ಲ, ನಿಮಗೆ ತಲೆ ಸರಿ ಇದೆಯಾ?’ ಎಂದು ಬಾಗಿಲು ಹಾಕಿದರು. ಒಂದು ಹೋಂಸ್ಟೇಯಲ್ಲಿ ಕದಿರಿಗೆ ಜರಿ ರಿಬ್ಬನ್ ಸುತ್ತಿ ಕೌಂಟರಿನ ಮೇಲೆ ಇಟ್ಟಿದ್ದರು. ಒಬ್ಬರ ಕಾರಿನ ಡಿಕ್ಕಿಯಲ್ಲಿ ಮರೆತೇಹೋಗಿ ಬೂಸು ಹಿಡಿದಿತ್ತು. ಅವರು ಮಾತ್ರ ಖುಷಿಯಿಂದ ಕೊಟ್ಟರು. ಒಂಟಿಯಾಗಿ ತೋಟ ನೋಡಿಕೊಳ್ಳುತ್ತಿದ್ದ ಮುತ್ತವ್ವ ಎಂಬ ಎಂಬತ್ತು ದಾಟಿದ ಅಜ್ಜಿ ನನ್ನ ಮಾತು ಮುಗಿಯುವ ಮೊದಲೇ ಸ್ಟೂಲು ತರಿಸಿದರು. ‘ಬಿಚ್ಚಿಕೊ ಮೋನೆ. ಬಾಗಿಲಿಗೆ ಕಟ್ಟಿದ್ದು ಮೊಳೆಯುತ್ತದಾ?’ ಎಂದು ಬೈದರು, ಬೈದು ಕಾಫಿ ಕೊಟ್ಟರು. ಐದು ದಿನ ತಿರುಗಿ, ಕೈಯಲ್ಲಿ ಉಜ್ಜಿ ಜೊಳ್ಳು ತೂರಿದರೆ ಮೂರೂವರೆ ಸೇರು ಆಯಿತು.

ಸುದ್ದಿ ಸಾವ್ಕಾರ್ರಿಗೆ ಮುಟ್ಟದೆ ಇರುತ್ತದೆಯೇ? ಕರೆಸಿದರು. ಬೈಗುಳಕ್ಕೆ ತಯಾರಾಗಿ ಹೋದೆ. ಅವರ ಬಾಗಿಲಿನ ಮೇಲೂ ಕದಿರು ಇತ್ತು, ಎಲ್ಲಕ್ಕಿಂತ ದಪ್ಪ ಹಿಡಿ, ಮೂಲೆ ಮಡಿಯದ್ದೇ. ‘ಅಕ್ಕನಿಗೆ ಬೀಜ ಇಲ್ಲವಾಯ್ತು ಅಂತ ನನಗೆ ಯಾಕೆ ಹೇಳಲಿಲ್ಲ?’ ಎಂದರು. ದನಿಯಲ್ಲಿ ನಿಜವಾದ ಸಂಕಟವಿತ್ತು. ನಾನು ಧೈರ್ಯ ಮಾಡಿ, ‘ಸಾವ್ಕಾರ್ರೇ, ಇದನ್ನೂ ಕೊಟ್ಟರೆ’ ಎಂದು ಮೇಲೆ ನೋಡಿದೆ. ಅವರೂ ನೋಡಿದರು. ‘ಛೇ ಛೇ, ಕಟ್ಟಿದ್ದನ್ನ ಬಿಚ್ಚಬಾರದು ರೈಟ್ರೇ. ನಾನೇ ಪದ್ಧತಿ ಮುರಿದರೆ ಹೇಗೆ?’ ಎಂದರು. ಅಷ್ಟರಲ್ಲೇ ಅವರ ಮುಖ ಅರಳಿತು. ‘ಆದರೆ ವಿಷಯ ಒಳ್ಳೇದುಂಟು. ನಾಟಿ ಬೀಜ ಉಳಿಸೋಣ. ಮುಂದಿನ ಸಭೆಗೆ ಅದನ್ನೇ ಮಾತಾಡೋಣ. ಬರೀರಿ.’

ನಾನು ಬರೆದೆನೇ? ಬರೆದೆ. ಅದೇ ನನಗೆ ಇವತ್ತಿಗೂ ಉರಿ. ಚೆನ್ನಾಗಿಯೇ ಬರೆದೆ. ‘ಒಬ್ಬ ತಾಯಿಯ ಗದ್ದೆಯಲ್ಲಿ ಬೀಜ ನಾಶವಾದಾಗ ನಮ್ಮ ಸಮಿತಿಯವರು ಮನೆಮನೆಗೆ ಹೋಗಿ ಕಾಳು ಕಾಳು ಕೂಡಿಸಿದರು’ ಎನ್ನುವ ಸಾಲೂ ನನ್ನದೇ. ಓದಲು ಹಿತವಾಗಿತ್ತು, ಹಾಕಿದೆ. ಸಭೆಯಲ್ಲಿ ಸಾವ್ಕಾರ್ರು ಆ ಸಾಲಿಗೆ ಬಂದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಅವರು ಹೇಳಿದವನಿಗೇ ಟಿಕೆಟ್ ಸಿಕ್ಕಿತು, ಅವನೇ ಗೆದ್ದ.

ಸಭೆಯ ವೀಡಿಯೊವನ್ನು ಯಾರೋ ಅಕ್ಕನಿಗೆ ಫೋನಿನಲ್ಲಿ ತೋರಿಸಿದ್ದರು. ಮುಂದಿನ ಭಾನುವಾರ ಹೋದಾಗ ಅವಳು ಬೀಜವನ್ನು ಮೊರದಲ್ಲಿ ಹರಡಿ ಕಲ್ಲು ಆರಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು. ‘ನಿನ್ನ ಸಮಿತಿಯಲ್ಲಿ ಎಷ್ಟು ಜನ ಇದ್ದಾರೆ ತಮ್ಮ?’

ಮರುದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಜಗಳವಿಲ್ಲ, ರಾಜೀನಾಮೆಯಿಲ್ಲ, ಎರಡೂ ಫೋನು ಮಣಿಯ ಕೈಯಲ್ಲಿ ಕಳಿಸಿಕೊಟ್ಟೆ, ಅಷ್ಟೇ. ನಾನು ಬಿಟ್ಟೆ ಎನ್ನುವುದು ಸಾವ್ಕಾರ್ರಿಗೆ ತಿಳಿಯಲು ಎಂಟು ದಿನ ಹಿಡಿಯಿತಂತೆ. ‘ಒಳ್ಳೆ ಮನುಷ್ಯ, ಆರೋಗ್ಯ ಸರಿ ಇಲ್ಲವೇನೋ’ ಎಂದರಂತೆ.

ಮೂರೂವರೆ ಸೇರಿನಲ್ಲಿ ಒಂದು ಮಡಿಗಾಗುವಷ್ಟು ಸಸಿ ಎದ್ದಿತು. ಉಳಿದೆರಡು ಮಡಿ ಹಾಗೇ ಬಿದ್ದಿದ್ದವು. ಆ ಮಳೆಗಾಲ ಕೆಲಸವಿಲ್ಲದ ನಾನು ಅಕ್ಕನ ಜೊತೆ ನಾಟಿಗೆ ಇಳಿದೆ. ಸೊಂಟ ಬಿದ್ದುಹೋಯಿತು. ಅವಳು ನೆಟ್ಟ ಸಾಲು ನೇರ, ನನ್ನದು ಸೊಟ್ಟ. ಒಂದು ಸಲ ನಕ್ಕಳು ಸಹ. ಎಲ್ಲ ಸರಿಹೋಯಿತು ಎಂದು ನಾನು ತಿಳಿದುಕೊಂಡೆ.

ಹುತ್ತರಿ ಬಂತು. ಸಾವ್ಕಾರ್ರು ಆ ಸಲ ಬೇರೆ ಊರಿನ ಗದ್ದೆ ಹುಡುಕಿಕೊಂಡಿದ್ದರು. ನಮ್ಮ ಬಯಲಿನಲ್ಲಿ ನಾನು, ಅಕ್ಕ, ಇಬ್ಬರೇ. ಕೋವಿ ಇಲ್ಲ, ಮೈಕಿಲ್ಲ. ನಾನು ದೀಪ ಹಿಡಿದೆ, ಅವಳು ಕತ್ತಿ ಹಿಡಿದಳು. ಸಣ್ಣ ದನಿಯಲ್ಲಿ ಪೊಲಿ ಪೊಲಿ ಎನ್ನುತ್ತ ಮೂರೇ ಮೂರು ತೆನೆ ಕೊಯ್ದು ಕುಕ್ಕೆಗೆ ಹಾಕಿಕೊಂಡಳು. ನಾನು ಎಂದಿನಂತೆ ಕೈ ಚಾಚಿದೆ. ಮದುವೆಯಾದಾಗಿನಿಂದ ನನ್ನ ಮನೆಗೆ ಕದಿರು ಹೋದದ್ದು ಆ ಗದ್ದೆಯಿಂದಲೇ.

ಅಕ್ಕ ನನ್ನ ಕೈ ನೋಡಿದಳು. ‘ಈ ಸಲ ಇಲ್ಲೆ ತಮ್ಮ. ಬೀಜಕ್ಕೆ ಬೇಕು’ ಎಂದಳು. ಕೋಪದಿಂದ ಹೇಳಲಿಲ್ಲ. ಊಟ ಮಾಡಿಕೊಂಡು ಹೋಗು ಎಂದು ಕರೆದಳು. ನನಗೆ ಕೂರಲಾಗಲಿಲ್ಲ, ಬಸ್ಸಿಗೆ ಹೊತ್ತಾಯಿತು ಎಂದು ಹೊರಟೆ.

ಮಡಿಕೇರಿಯ ಮನೆಯಲ್ಲಿ ಪುಷ್ಪ ಬಾಗಿಲು ತೊಳೆದು, ರಂಗೋಲಿ ಹಾಕಿ, ದೀಪ ಹಿಡಿದುಕೊಂಡು ಕಾಯುತ್ತಿದ್ದಳು. ನನ್ನ ಬರಿಗೈ ನೋಡಿ, ‘ಕದಿರೆಲ್ಲಿ?’ ಎಂದಳು.

‘ಅಕ್ಕ ಕೊಡಲಿಲ್ಲ.’

ಅವಳು ದೀಪವನ್ನು ಹೊಸ್ತಿಲ ಮೇಲಿಟ್ಟಳು. ‘ಕೊಟ್ಟಿದ್ದರೆ ನೀವು ತಗೊಳ್ತಿದ್ರಾ?’

‘ತಗೊಳ್ತಿದ್ದೆ’ ಎಂದೆ.